ಹಸಿರು ಕಟ್ಟಡ: ಖರ್ಚು ಯಾರಿಗೆ, ಉಳಿತಾಯ ಯಾರಿಗೆ? ಕೊಂಡಾಪುರದಲ್ಲಿ ಮನೆ ಕೊಳ್ಳುವ ಮುನ್ನ ಈ ಲೆಕ್ಕ ತಿಳಿದಿರಲಿ

ಹೈದರಾಬಾದ್: ಐಟಿ ಉದ್ಯೋಗಿಗಳು ಹೆಚ್ಚಾಗಿರುವ ಕೊಂಡಾಪುರ ಸುತ್ತಮುತ್ತ ಹೊಸ ಅಪಾರ್ಟ್‌ಮೆಂಟ್‌ಗಳ ಜಾಹೀರಾತಿನಲ್ಲಿ 'ಹಸಿರು ಕಟ್ಟಡ' ಎಂಬ ಮಾತು ಈಗ ಸಾಮಾನ್ಯ. ಪರಿಸರ ಕಾಳಜಿ ಇದಕ್ಕೆ ಒಂದು ಕಾರಣವಷ್ಟೆ. ಇದರ ಹಿಂದೆ ದುಡ್ಡಿನ ಲೆಕ್ಕಾಚಾರವೂ ಇದೆ. ಆ ಲೆಕ್ಕ ಏನು? ಮನೆ ಕೊಳ್ಳುವವರಿಗೆ ಲಾಭ ಇದೆಯೇ? ಇಲ್ಲಿದೆ ವಿವರ.

ಮೊದಲ ಪ್ರಯೋಗ ಇಲ್ಲೇ ಪಕ್ಕದಲ್ಲಿ

ಕೊಂಡಾಪುರದ ಪಕ್ಕದ ಕೊತ್ತಗುಡದಲ್ಲಿ ಸಿಐಐ-ಸೊರಾಬ್ಜಿ ಗೋದ್ರೇಜ್ ಗ್ರೀನ್ ಬ್ಯುಸಿನೆಸ್ ಸೆಂಟರ್ ಇದೆ. 2004ರ ಜುಲೈ 14ರಂದು ಆಗಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಇದನ್ನು ಉದ್ಘಾಟಿಸಿದ್ದರು. ಲೀಡ್ ಪ್ಲಾಟಿನಂ ಮಾನ್ಯತೆ ಪಡೆದ ದೇಶದ ಮೊದಲ ಕಟ್ಟಡ ಇದು. ಚಾವಣಿಯ ಮೇಲೆ ಹುಲ್ಲುಹಾಸು, ಸೌರಫಲಕ, ಒಳಬರುವ ಗಾಳಿಯನ್ನು ತಂಪು ಮಾಡುವ ಗೋಪುರ, ಕೊಳಚೆ ನೀರನ್ನು ಗಿಡಗಳ ಬೇರಿನ ಮೂಲಕ ಶುದ್ಧೀಕರಿಸುವ ವ್ಯವಸ್ಥೆ ಇಲ್ಲಿವೆ.

ಭಾರತೀಯ ಹಸಿರು ಕಟ್ಟಡ ಮಂಡಳಿ (ಐಜಿಬಿಸಿ) ನೀಡಿರುವ ಅಂಕಿಅಂಶದ ಪ್ರಕಾರ, ಸಾಮಾನ್ಯ ಕಟ್ಟಡಕ್ಕಿಂತ ಇದಕ್ಕೆ ಶೇ 18ರಷ್ಟು ಹೆಚ್ಚು ಖರ್ಚಾಗಿತ್ತು. ವಿದ್ಯುತ್ ಮತ್ತು ನೀರಿನ ಉಳಿತಾಯದಿಂದ ಆ ಹಣ ವಾಪಸ್ ಬರಲು 7 ವರ್ಷ ಬೇಕಿತ್ತು. ಅಗತ್ಯ ಸಾಮಗ್ರಿ ಮತ್ತು ತಜ್ಞರು ದೇಶದಲ್ಲೇ ಸಿಗತೊಡಗಿದ ಮೇಲೆ, ನಂತರದ ಕಟ್ಟಡಗಳಲ್ಲಿ ಈ ಹೆಚ್ಚುವರಿ ಖರ್ಚು ಇಳಿಯುತ್ತಾ ಬಂತು.

ಇನ್ಫೋಸಿಸ್ ಮಾಡಿದ ಹೋಲಿಕೆ

ಬೆಂಗಳೂರು ಮೂಲದ ಇನ್ಫೋಸಿಸ್, ಹೈದರಾಬಾದ್‌ನ ಪೋಚಾರಂ ಕ್ಯಾಂಪಸ್‌ನಲ್ಲಿ ಒಂದೇ ಕಟ್ಟಡವನ್ನು ಎರಡು ಸಮಾನ ಭಾಗ ಮಾಡಿ ಪರೀಕ್ಷೆ ನಡೆಸಿತು. ಒಂದು ಭಾಗಕ್ಕೆ ಮಾಮೂಲಿ ಎಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಒಳಗಿನ ಪೈಪ್‌ಗಳಲ್ಲಿ ತಣ್ಣೀರು ಹರಿಸಿ ತಂಪು ಮಾಡುವ ವ್ಯವಸ್ಥೆ. ಎರಡನೇ ಭಾಗದಲ್ಲಿ ತಂಪು ಮಾಡಲು ಬಳಕೆಯಾದ ವಿದ್ಯುತ್ ಸುಮಾರು ಮೂರನೇ ಒಂದರಷ್ಟು ಕಡಿಮೆ. ಅಳವಡಿಸುವ ಖರ್ಚು ಕೂಡ ಮಾಮೂಲಿ ವ್ಯವಸ್ಥೆಗಿಂತ ಹೆಚ್ಚಾಗಲಿಲ್ಲ.

ಸಮಸ್ಯೆ ಎಲ್ಲಿದೆ?

ಕಂಪನಿ ತನ್ನದೇ ಕಟ್ಟಡ ಕಟ್ಟಿದರೆ ಖರ್ಚೂ ಅದರದ್ದೇ, ಉಳಿತಾಯವೂ ಅದರದ್ದೇ. ಅಪಾರ್ಟ್‌ಮೆಂಟ್‌ನಲ್ಲಿ ಹಾಗಲ್ಲ. ಖರ್ಚು ಮಾಡುವವರು ಬಿಲ್ಡರ್. ತಿಂಗಳ ಬಿಲ್ ಕಟ್ಟುವವರು ಮನೆ ಕೊಂಡವರು ಅಥವಾ ಬಾಡಿಗೆದಾರರು. ಹಾಗಾಗಿ ಬಿಲ್ಡರ್‌ಗೆ ಸಿಗುವ ಲಾಭ ಮಾರಾಟದ ಬೆಲೆ ಮತ್ತು ಬೇಗ ಮಾರಾಟವಾಗುವುದರಲ್ಲಿದೆ, ಬಿಲ್ ಇಳಿಯುವುದರಲ್ಲಲ್ಲ. ಕಟ್ಟಡ ನಿಜಕ್ಕೂ ಉಳಿತಾಯ ಮಾಡುತ್ತದೆಯೇ ಎಂದು ನೋಡುವ ಹೊಣೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಈ ಅಂತರ ತುಂಬಲು ಸರ್ಕಾರಗಳು ನಿಯಮ ಮತ್ತು ಸಹಾಯಧನ ತಂದಿವೆ. ತೆಲಂಗಾಣ 2023ರಲ್ಲಿ ಚಾವಣಿ ತಂಪಾಗಿಡುವ ನೀತಿ ಜಾರಿ ಮಾಡಿತು. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಡಿ (2024) ಅಪಾರ್ಟ್‌ಮೆಂಟ್ ಸಂಘಗಳಿಗೂ ಸಾಮಾನ್ಯ ಸೌಲಭ್ಯಗಳ ಸೌರ ವಿದ್ಯುತ್‌ಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂ. ಸಹಾಯಧನ ನಿಗದಿಯಾಗಿದೆ.

ಬುಕ್ ಮಾಡುವ ಮುನ್ನ ಕೇಳಿ

* ಪ್ರಮಾಣಪತ್ರ ನಕ್ಷೆ ಹಂತದ್ದೋ, ನಿರ್ಮಾಣ ಮುಗಿದ ಮೇಲಿನ ಅಂತಿಮ ಪ್ರಮಾಣಪತ್ರವೋ?
* ಅದೇ ಬಿಲ್ಡರ್‌ನ ಹಳೆಯ ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್, ಪಂಪ್, ದೀಪಗಳ ವಿದ್ಯುತ್ ಬಿಲ್ ಎಷ್ಟು?
* ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ನೀರು ಬೇಕಾಗುತ್ತದೆ? ಶುದ್ಧೀಕರಿಸಿದ ನೀರು ಫ್ಲಶ್‌ಗೆ ಬಳಕೆಯಾಗುತ್ತಿದೆಯೇ?
* ನಿಮ್ಮ ಫ್ಲ್ಯಾಟ್‌ಗೆ ಪ್ರತ್ಯೇಕ ನೀರಿನ ಮೀಟರ್ ಇದೆಯೇ? ಇಲ್ಲದಿದ್ದರೆ ನೀವು ಉಳಿಸಿದ ನೀರಿನ ಲಾಭ ನಿಮಗೇ ಸಿಗುವುದಿಲ್ಲ.