ನಿಮಗಿದು ಗೊತ್ತೇ? ನೆಲ್ಸನ್ ಹೂಜಿಯಿಂದ ಟಿಪ್ಪುವಿನ ಹುಲಿಯವರೆಗೆ

ಹದಿನೆಂಟು, ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನವರು ತಮ್ಮ ಯುದ್ಧ, ಚುನಾವಣೆ, ಸಿಟ್ಟು, ಸಂಭ್ರಮ ಎಲ್ಲವನ್ನೂ ಪಿಂಗಾಣಿ ಪಾತ್ರೆಗಳ ಮೇಲೆ ಅಚ್ಚು ಹಾಕಿಸುತ್ತಿದ್ದರು. ನೌಕಾಧಿಪತಿಯ ಮುಖವಿರುವ ಹೂಜಿ, ದೊಡ್ಡವರನ್ನು ಗೇಲಿ ಮಾಡುವ ಲೋಟ ಈಗ ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟು ಸೇರಿವೆ. ಅವುಗಳ ಮೇಲಿನ ಕೆಲವು ಮುಖಗಳಿಗೂ ನಮ್ಮ ನಾಡಿಗೂ ಹತ್ತಿರದ ನಂಟಿದೆ.

ಇಂಗ್ಲೆಂಡಿನ ನೌಕಾಧಿಪತಿ ನೆಲ್ಸನ್ ಮೊದಲ ಕಾಳಗ ಕಂಡದ್ದು ಯಾರ ಎದುರು, ಗೊತ್ತೇ? ಹೈದರ್ ಅಲಿಯ ಹಡಗುಗಳ ಎದುರು! 1775ರ ಫೆಬ್ರವರಿ 19ರಂದು ‘ಸೀಹಾರ್ಸ್’ ಎಂಬ ಯುದ್ಧನೌಕೆಯಲ್ಲಿದ್ದ ಹದಿನಾರರ ಹುಡುಗ ಹೊರೇಷಿಯೋ ನೆಲ್ಸನ್, ಹೈದರನ ಎರಡು ಚಿಕ್ಕ ಹಡಗುಗಳೊಡನೆ ನಡೆದ ಗುಂಡಿನ ಚಕಮಕಿಯನ್ನು ಕಂಡ. ಮೂವತ್ತು ವರ್ಷದ ಮೇಲೆ, 1805ರ ಅಕ್ಟೋಬರ್ 21ರಂದು, ಟ್ರಫಾಲ್ಗರ್ ಕದನದಲ್ಲಿ ಗೆದ್ದು ಸತ್ತಾಗ ಅವನ ಮುಖ ಹೂಜಿ, ಲೋಟ, ತಟ್ಟೆಗಳ ಮೇಲೆ ಮನೆಮನೆಗೆ ಹೋಯಿತು. ವರ್ನನ್, ರಾಡ್ನಿ, ಹೌ, ಡಂಕನ್ ಎಂಬ ನೌಕಾಧಿಪತಿಗಳಿಗೂ ಈ ಮರ್ಯಾದೆ ಸಂದಿತ್ತು. ಆದರೂ ನೆಲ್ಸನ್ನಷ್ಟು ಯಾರೂ ಹರಡಲಿಲ್ಲ.

ನೈಲ್ ಕದನದ ಸ್ಮರಣೆಗೆ ಮಾಡಿದ ಪಾತ್ರೆಗಳ ಹಿಂದೆ ಶ್ರೀರಂಗಪಟ್ಟಣದ ಕಥೆಯೂ ಇದೆ. ಫ್ರೆಂಚ್ ದಂಡನಾಯಕ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಾಗ, ಅವನು ಮುಂದೆ ಟಿಪ್ಪುವಿನ ಕೈ ಹಿಡಿಯುತ್ತಾನೆಂಬ ಭಯ ಇಂಗ್ಲಿಷರಿಗಿತ್ತು. 1798ರ ಆಗಸ್ಟ್ 1ರಂದು ನೈಲ್ ಕದನದಲ್ಲಿ ನೆಲ್ಸನ್ ಫ್ರೆಂಚರ 13 ದೊಡ್ಡ ಯುದ್ಧನೌಕೆಗಳಲ್ಲಿ 11ನ್ನು ಹಿಡಿದ ಇಲ್ಲವೇ ನಾಶ ಮಾಡಿದ. ಎಂಟು ದಿನದೊಳಗೆ ಮುಂಬಯಿ ಗವರ್ನರನಿಗೆ ಗೆಲುವಿನ ಸುದ್ದಿಯ ಪತ್ರ ಬರೆದು, ಅದನ್ನು ಒಬ್ಬ ಅಧಿಕಾರಿಯ ಕೈಯಲ್ಲಿ ನೆಲದ ದಾರಿಯಿಂದಲೇ ಓಡಿಸಿದ. ಈಸ್ಟ್ ಇಂಡಿಯಾ ಕಂಪನಿ ಅವನಿಗೆ ಕೊಟ್ಟ ಬಹುಮಾನ 10,000 ಪೌಂಡ್. ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪುವಿಗೆ ಬರೆದ ಪತ್ರವೋ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಅದೇ ವರ್ಷದ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಲೇ ಸತ್ತ.

ಅಷ್ಟೊಂದು ಪಾತ್ರೆಗಳಿಗೆ ಅಷ್ಟು ಬೇಗ ಚಿತ್ರ ಬರೆದವರು ಯಾರು? ಯಾರೂ ಬರೆಯಲಿಲ್ಲ, ಒತ್ತಿದರು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಲೋಹದ ಬಣ್ಣವನ್ನು ಎಣ್ಣೆಯಲ್ಲಿ ಕಲಸಿ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಆ ಕಾಗದವನ್ನು ಪಾತ್ರೆಗೆ ಅಂಟಿಸಿ ಉಜ್ಜಿದರೆ ಬಣ್ಣ ಅಲ್ಲೇ ಉಳಿಯುತ್ತಿತ್ತು. ಆಮೇಲೆ ಮತ್ತೆ ಬೆಂಕಿ. ಲಿವರ್‌ಪೂಲ್‌ನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ 1756ರಲ್ಲಿ, ಆರು ಗಂಟೆಯೊಳಗೆ 1,200ಕ್ಕೂ ಹೆಚ್ಚು ಹಂಚುಗಳಿಗೆ ಅಚ್ಚು ಹಾಕಿದೆವೆಂದು ಪ್ರಮಾಣ ಮಾಡಿ ಹೇಳಿದರು. ಹೆಸರಾಂತ ಕುಂಬಾರ ಜೋಸಿಯಾ ವೆಜ್‌ವುಡ್ ಕೂಡ ತನ್ನ ಕೆನೆಬಣ್ಣದ ಪಾತ್ರೆಗಳನ್ನು ಅಚ್ಚಿಗೆಂದು ಇವರಲ್ಲಿಗೇ ಕಳಿಸುತ್ತಿದ್ದ. ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ 1472ರಿಂದ ಹೊಳೆಯುತ್ತಿರುವ ಹಂಚುಗಳಿಗೆ ಇಂಥ ಅಚ್ಚಿನ ಅನುಕೂಲವಿರಲಿಲ್ಲ, ಎಲ್ಲವೂ ಕೈಕೆಲಸ. ನೋಡದವರು ಒಮ್ಮೆ ಹೋಗಿ ಬನ್ನಿ, ನಮ್ಮ ಜಹೀರಾಬಾದಿನಿಂದ ಬೀದರ್ ಎಷ್ಟು ದೂರ?

ಸ್ಪೇನಿನ ಯುದ್ಧದ ಗೆಲುವುಗಳನ್ನು ಸಾರುವ ಹೂಜಿಗಳ ಮೇಲೆ ಕಾಣುವ ಡ್ಯೂಕ್ ಆಫ್ ವೆಲಿಂಗ್ಟನ್, 1799ರಲ್ಲಿ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನು ಶ್ರೀರಂಗಪಟ್ಟಣಕ್ಕೆ ನಡೆದದ್ದು ಹೈದರಾಬಾದ್ ನಿಜಾಮನ ಪಡೆಯ ಜೊತೆ. ಮೀರ್ ಆಲಂ ಆ ಪಡೆಯ ಮುಖ್ಯಸ್ಥ. ಮುಂದೆ ಬೀದರ್ ಜಿಲ್ಲೆಗೆ ಸೇರಿ, 1956ರಲ್ಲಿ ಅದರಿಂದ ಬೇರೆಯಾದ ಜಹೀರಾಬಾದ್, ನಾರಾಯಣಖೇಡ ಕೂಡ ಆಗ ನಿಜಾಮನ ಸೀಮೆಯೇ.

ಗೇಲಿಯಲ್ಲಿ ಇಂಗ್ಲಿಷರು ತಮ್ಮವರನ್ನೂ ಬಿಡಲಿಲ್ಲ. 1791ರಲ್ಲಿ ಮಳೆ ಹಿಡಿದು, ಎತ್ತುಗಳು ಸತ್ತು, ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ಹಾಳುಗೆಡವಿ ಶ್ರೀರಂಗಪಟ್ಟಣದಿಂದ ಹಿಂದಿರುಗಿದ. ಅದೇ ಡಿಸೆಂಬರಿನಲ್ಲಿ ಜೇಮ್ಸ್ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಲಂಡನ್ನಿನಲ್ಲಿ ಒಂದು ಚಿತ್ರ ಹೊರತಂದ. ಅದರಲ್ಲಿ ಕಾರ್ನ್‌ವಾಲಿಸ್ ಓಡುತ್ತಿದ್ದಾನೆ, ಕೋಟೆಯ ಮೇಲೆ ನಿಂತ ಟಿಪ್ಪು ಅವನ ಮೇಲೆ ಮೂತ್ರ ಹೊಯ್ಯುತ್ತಿದ್ದಾನೆ! ಈ ಬಗೆಯ ಕಟುವಾದ ವ್ಯಂಗ್ಯ ಕಾಗದದಿಂದ ಪಾತ್ರೆಗೂ ಇಳಿಯಿತು. ನೆಪೋಲಿಯನ್ ದಂಡೆತ್ತಿ ಬರುತ್ತಾನೆಂಬ 1803ರ ಭಯದಲ್ಲಿ ಅವನನ್ನು ಹಂಗಿಸುವ ಹೂಜಿಗಳು ಬಂದವು. ರಾತ್ರಿ ಮೂತ್ರಕ್ಕೆಂದು ಇಡುವ ಪಾತ್ರೆಯ ತಳದಲ್ಲೂ ಅವನ ತಲೆಯನ್ನು ಕೂರಿಸಿದರು. 1819ರಲ್ಲಿ ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದ ಹಕ್ಕು ಕೇಳಿದ ಜನರ ಮೇಲೆ ಕುದುರೆ ಸವಾರರು ನುಗ್ಗಿದಾಗ, ಜನನಾಯಕ ಹೆನ್ರಿ ಹಂಟ್‌ನ ಮುಖ ಹೂಜಿಗಳಿಗೆ ಬಂತು. ಪತ್ರಿಕೆ ಕೊಳ್ಳಲಾಗದ ಮನೆಯಲ್ಲೂ ಹೂಜಿ ಇರುತ್ತಿತ್ತು. ನನಗೆ ಈ ಪಾತ್ರೆಗಳು ಪ್ರಿಯವಾಗಿರುವುದು ಇದಕ್ಕೇ.

‘ಟಿಪ್ಪುವಿನ ಹುಲಿ’ ಎಲ್ಲರಿಗೂ ಗೊತ್ತು, ಅದರ ಪಿಂಗಾಣಿ ತಮ್ಮ ಗೊತ್ತೇ? ಹೈದರನ ವಿರುದ್ಧ ಕಾದಿದ್ದ ಜನರಲ್ ಹೆಕ್ಟರ್ ಮನ್ರೋನ ಮಗನನ್ನು 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಕೊಂದಿತು. ಬಿಳಿಯನೊಬ್ಬನ ಮೇಲೆರಗಿದ ಟಿಪ್ಪುವಿನ ಮರದ ಯಂತ್ರಹುಲಿ 1808ರಿಂದ ಲಂಡನ್ನಿನಲ್ಲಿ ಪ್ರದರ್ಶನಕ್ಕಿತ್ತು. ಜನ ಮುಗಿಬಿದ್ದು ನೋಡಿದರು. 1820ರ ದಶಕದ ಸುಮಾರಿಗೆ ಸ್ಟ್ಯಾಫರ್ಡ್‌ಶೈರಿನ ಕುಂಬಾರರು ಹುಲಿಯ ಬಾಯಲ್ಲಿ ತಲೆ ಕೊಟ್ಟ ಮನುಷ್ಯನ ಬೊಂಬೆ ಮಾಡಿ, ‘ಮನ್ರೋನ ಸಾವು’ ಎಂದು ಹೆಸರಿಟ್ಟು ಮಾರಿದರು. ನಮ್ಮ ಸುಲ್ತಾನನ ಸಿಟ್ಟಿನ ಗುರುತು ಅವರ ಬೈಠಕ್ಕಿನ ಅಲಂಕಾರವಾಗಿ ಕೂತಿತು.

ಕಬ್ಬು ಬೆಳೆಯುವ ಜಹೀರಾಬಾದಿನವರಿಗೆ ಇದೊಂದು: 1820ರ ದಶಕದಲ್ಲಿ ‘ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಎಂಬರ್ಥದ ಬರಹವಿದ್ದ ಸಕ್ಕರೆ ಬಟ್ಟಲುಗಳು ಇಂಗ್ಲೆಂಡಿನ ಚಹಾ ಮೇಜುಗಳಲ್ಲಿದ್ದವು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ಬೆವರಿನಿಂದ ಬಂದ ಸಕ್ಕರೆಯನ್ನು ಬಿಡಿ, ಭಾರತದ ಸಕ್ಕರೆ ಕೊಳ್ಳಿ ಎಂಬ ಚಳವಳಿ ಅದು. ಆರು ಮನೆಯವರು ಹೀಗೆ ಮಾಡಿದರೆ ಒಬ್ಬ ಗುಲಾಮ ಕಡಿಮೆಯಾಗುತ್ತಾನೆ ಎಂಬ ಲೆಕ್ಕವೂ ಅಂಥ ಬಟ್ಟಲುಗಳ ಮೇಲಿತ್ತು. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದದ್ದು 1833ರಲ್ಲಿ. ಮನೆವಾರ್ತೆ ನೋಡುವ ಹೆಂಗಸರು ಅಂಗಡಿಯಲ್ಲಿ ಒಂದು ಬೇಡ, ಇನ್ನೊಂದು ಕೊಡಿ ಎಂದು ಕೇಳಿ ನಡೆಸಿದ ಹೋರಾಟವಿದು, ಅವರಿಗಾಗ ಮತದ ಹಕ್ಕೇ ಇರಲಿಲ್ಲ.

ಯುರೋಪಿನ ಹಳೆಯ ಪಿಂಗಾಣಿ ಕಣ್ಣಾರೆ ನೋಡಬೇಕೇ? ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಜಹೀರಾಬಾದಿನಿಂದ ಸುಮಾರು 100 ಕಿ.ಮೀ. ವೆಜ್‌ವುಡ್ ಪಾತ್ರೆಗಳೂ ಅಲ್ಲಿವೆ, ಫ್ರಾನ್ಸಿನ ಹದಿನಾರನೇ ಲೂಯಿ ಟಿಪ್ಪುವಿಗೆ ಕೊಟ್ಟನೆನ್ನುವ ದಂತದ ಕುರ್ಚಿಗಳೂ ಇವೆ. ಅಚ್ಚಿನ ಪಾತ್ರೆ ಕಂಡರೆ ಅಂಚಿನ ಬಳ್ಳಿಯನ್ನು ಸುತ್ತಲೂ ನೋಡುತ್ತ ಬನ್ನಿ. ಎಲ್ಲೋ ಒಂದು ಕಡೆ ಎಲೆ ಅರ್ಧಕ್ಕೆ ಕತ್ತರಿಸಿ ಹೋಗಿ, ಬಳ್ಳಿಯ ಎರಡು ತುದಿ ಸರಿಯಾಗಿ ಕೂಡಿರುವುದಿಲ್ಲ. ಕಾಗದದ ಕೊನೆ ಕಾಗದದ ಮೊದಲಿಗೆ ಸೇರಿದ ಜಾಗ ಅದು. ಕೈಯಿಂದ ಬರೆದ ಪಾತ್ರೆಯಲ್ಲಿ ಅಂಥ ಕತ್ತರಿ ಗುರುತು ಸಿಗುವುದಿಲ್ಲ.