ಪ್ರಕೃತಿಗೆ ಹೊಂದಿದ ವಾಸ್ತುವೂ ಮಾನವನ ಸ್ವಾಸ್ಥ್ಯವೂ

ಅನ್ನ, ವಸ್ತ್ರಗಳಂತೆ ವಸತಿಯೂ ಮಾನವನ ಮೂಲಭೂತ ಅವಶ್ಯಕತೆಗಳಲ್ಲಿ ಒಂದು. ಆದರೆ ಕಟ್ಟಡವೆಂಬುದು ಮಳೆ, ಬಿಸಿಲುಗಳಿಂದ ರಕ್ಷಿಸುವ ಆವರಣ ಮಾತ್ರವಲ್ಲ. ಅದರೊಳಗಿನ ಗಾಳಿ, ಬೆಳಕು, ತಂಪುಗಳು ಅಲ್ಲಿರುವವರ ದೇಹ, ಮನಸ್ಸುಗಳೆರಡರ ಮೇಲೂ ಪರಿಣಾಮ ಬೀರುತ್ತವೆ. ನಮ್ಮ ಹಿರಿಯರು ಅನುಭವದಿಂದ ಅರಿತಿದ್ದ ಈ ಸತ್ಯವನ್ನು ಆಧುನಿಕ ವಿಜ್ಞಾನವೂ ಸಮರ್ಥಿಸುತ್ತಿದೆ.

ಕಾರಡ್ಕ ಪರಿಸರದ ಹಳೆಯ ಮನೆಗಳನ್ನೇ ಗಮನಿಸೋಣ. ಅವುಗಳ ಗೋಡೆಗೆ ಇಲ್ಲಿನ ಗುಡ್ಡಗಳಲ್ಲಿ ದೊರೆಯುವ ಮುರಕಲ್ಲೇ ಆಧಾರ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರನ್ನಿತ್ತನು. ಕಡಿಯುವಾಗ ಮೃದುವಾಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವುದು ಇದರ ವೈಶಿಷ್ಟ್ಯ. ಇದರ ದಪ್ಪ ಗೋಡೆ ಹಗಲಿನ ಶಾಖವನ್ನು ಬೇಗನೆ ಒಳಕ್ಕೆ ಬಿಡದು. ಮಾಡಿಗೆ ಮೊದಲು ಮುಳಿಹುಲ್ಲಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಹಂಚು ಕ್ರಮೇಣ ಬಳಕೆಗೆ ಬಂದಿತು. ಹಂಚುಗಳ ಸಂದುಗಳ ಮೂಲಕ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಇಳಿಜಾರಾಗಿ ಮುಂದಕ್ಕೆ ಚಾಚಿದ ಮಾಡು ಆಷಾಢದ ಜಡಿಮಳೆಯಿಂದ ಗೋಡೆಯನ್ನು ಕಾಯುತ್ತದೆ. ಒಳಗೂ ಅಲ್ಲದ, ಹೊರಗೂ ಅಲ್ಲದ ಜಗಲಿ ಮನೆಯವರನ್ನು ಅಂಗಳದ ಹಸುರಿನೊಂದಿಗೆ ಬೆಸೆಯುತ್ತದೆ. ಗುಡ್ಡದೊಳಗಿನ ಒಸರನ್ನು ಹೊರತರುವ ಸುರಂಗವೂ ಇದೇ ವಿವೇಕದ ಫಲ.

ಹಸುರಿನ ಸಾಮೀಪ್ಯದಿಂದಾಗುವ ಪ್ರಯೋಜನವನ್ನು ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕರು 1984ರಲ್ಲಿ ತೋರಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಕಿಟಿಕಿಯಿಂದ ಮರಗಳು ಕಾಣುತ್ತಿದ್ದವರು ಬರಿಯ ಇಟ್ಟಿಗೆಗೋಡೆ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಮರಳಿದ್ದರು. ತೀವ್ರ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು. 1996ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅವರು ಗೆದ್ದಲಿನ ಹುತ್ತದಿಂದ ಪ್ರೇರಣೆ ಪಡೆದು, ಸಹಜ ಗಾಳಿಯ ಚಲನೆಯನ್ನೇ ಬಹುಮಟ್ಟಿಗೆ ಅವಲಂಬಿಸಿದ ಬೃಹತ್ ಕಟ್ಟಡವನ್ನು ರೂಪಿಸಿದರು. ಹುತ್ತಕ್ಕೆ ಕೈಮುಗಿಯುವ ನಮ್ಮ ನಾಡಿಗೆ ಇದು ಚಿಂತನಾರ್ಹ ವಿಷಯ.

ಹಾಗೆಂದು ಹಳೆಯದೆಲ್ಲವೂ ಶ್ರೇಷ್ಠವೆನ್ನಲಾಗದು. ಹೊಗೆ ತುಂಬಿದ ಅಡುಗೆಮನೆಗಳೂ ಬೆಳಕಿಲ್ಲದ ಕೋಣೆಗಳೂ ವಿಶೇಷವಾಗಿ ಸ್ತ್ರೀಯರ ಆರೋಗ್ಯವನ್ನು ಕೆಡಿಸಿದುದುಂಟು. ಹುಲ್ಲಿನ ಮಾಡನ್ನು ಆಗಾಗ ಹೊದಿಸುವ ಶ್ರಮ, ಬೆಂಕಿಯ ಭಯಗಳೂ ಇದ್ದವು. ಆದುದರಿಂದ ಹಳತನ್ನು ಯಥಾವತ್ತಾಗಿ ಅನುಕರಿಸುವುದಕ್ಕಿಂತ ಅದರ ತತ್ತ್ವವನ್ನು ಗ್ರಹಿಸುವುದೇ ಲೇಸು. ಇದಕ್ಕೆ ಕೇರಳವನ್ನೇ ಕರ್ಮಭೂಮಿಯಾಗಿಸಿಕೊಂಡ ಲಾರಿ ಬೇಕರ್ (1917–2007) ಆದರ್ಶಪ್ರಾಯರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಅವರು ಕಟ್ಟಿಸಿದ ಜಾಲರಿಯಂತಹ ಇಟ್ಟಿಗೆಗೋಡೆಗಳು ಗಾಳಿ ಬೆಳಕುಗಳನ್ನು ಸೋಸಿ ಒಳಗೆ ಬಿಡುತ್ತವೆ. ತಾರಸಿಯ ನಡುವೆ ಹಳೆಯ ಹಂಚುಗಳನ್ನಿರಿಸಿ ಕಾಂಕ್ರೀಟನ್ನೂ ಶಾಖವನ್ನೂ ಕಡಿಮೆ ಮಾಡುವ ವಿಧಾನವನ್ನು ಅವರು ಜನಪ್ರಿಯಗೊಳಿಸಿದರು.

ಶಾಲೆಗಳ ಹಂಚಿನ ಮಾಡುಗಳು ತಾರಸಿಗೆ ಎಡೆಗೊಡುತ್ತಿರುವ ಕಾಲವಿದು. ಭದ್ರತೆಯ ದೃಷ್ಟಿಯಿಂದ ಈ ಬದಲಾವಣೆ ಅನೇಕ ಕಡೆ ಅನಿವಾರ್ಯವೂ ಹೌದು. ಆದರೆ ಹಗಲಿಡೀ ಕಾದ ತಾರಸಿಯಡಿಯಲ್ಲಿ ಮಾರ್ಚ್ ತಿಂಗಳ ಪರೀಕ್ಷೆ ಬರೆಯುವ ಮಗುವಿನ ಬಳಲಿಕೆಯನ್ನು ಅಂಕಪಟ್ಟಿ ಹೇಳದು. ಎದುರುಬದುರಾದ ಕಿಟಿಕಿ, ಅಗಲವಾದ ಜಗಲಿ, ಪಶ್ಚಿಮದ ಬಿಸಿಲನ್ನು ತಡೆಯುವ ಮರಗಳ ಸಾಲು – ಇವು ದುಬಾರಿಯಾದ ಬೇಡಿಕೆಗಳಲ್ಲ.

ಇನ್ನೊಂದು ಮಾತು. ಜಗಲಿ, ಚಾವಡಿ, ಅಂಗಳ, ಮಾಡು ಎಂಬ ಶಬ್ದಗಳು ಆಯಾ ವಸ್ತುಗಳಿದ್ದರೆ ಮಾತ್ರ ಮಕ್ಕಳ ನಾಲಗೆಯಲ್ಲಿ ಉಳಿದಾವು. ಗಡಿನಾಡಿನಲ್ಲಿ ಕನ್ನಡವನ್ನು ಐದು ದಶಕಗಳ ಕಾಲ ಪೋಷಿಸಿದ ವಿದ್ಯಾಲಯವು ಮುಂದೆ ಕಟ್ಟುವ ಪ್ರತಿಯೊಂದು ಕೊಠಡಿಯೂ ಈ ನೆಲಕ್ಕೆ ಹೊಂದಿದ್ದು, ಮಕ್ಕಳ ಆರೋಗ್ಯವನ್ನೂ ನುಡಿಯನ್ನೂ ಕಾಯುವಂತಾಗಲಿ ಎಂಬುದೇ ಸುವರ್ಣ ಮಹೋತ್ಸವದ ಈ ಶುಭಾವಸರದ ಹಾರೈಕೆ.