ಆಂಡ್ರಾಯ್ಡ್ ಫೋನಿನ ಮೂಲಾಧಿಕಾರ

೨೦೦೮ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಆಂಡ್ರಾಯ್ಡ್ ವ್ಯವಸ್ಥೆಯುಳ್ಳ ಮೊತ್ತಮೊದಲನೆಯ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ತೈವಾನಿನ ಎಚ್‌ಟಿಸಿ ಸಂಸ್ಥೆ ತಯಾರಿಸಿದ ಆ ಫೋನಿಗೆ ಜಿ-೧ ಎಂದು ಹೆಸರು. ಮರುತಿಂಗಳೇ ಅದರಲ್ಲೊಂದು ವಿಚಿತ್ರವಾದ ದೋಷ ಬೆಳಕಿಗೆ ಬಂದಿತು. ಗೆಳೆಯನಿಗೆ ಸಂದೇಶ ಬರೆಯುತ್ತಿರುವವನು ಹೊಸ ಸಾಲಿನಲ್ಲಿ ‘ರೀಬೂಟ್’ ಎಂಬ ಇಂಗ್ಲಿಷ್ ಪದವೊಂದನ್ನೇ ಒತ್ತಿ ಸಾಲನ್ನು ಮುಗಿಸಿದರೆ, ಫೋನು ಆ ಕ್ಷಣವೇ ಆರಿ ಮತ್ತೆ ಮೊದಲಿನಿಂದ ಚಾಲೂ ಆಗುತ್ತಿತ್ತು!

ಇದರ ಕಾರಣ ಸರಳವಾದುದು. ಒತ್ತಿದ ಪ್ರತಿಯೊಂದು ಅಕ್ಷರವೂ ತೆರೆಯ ಮೇಲೆ ಮೂಡುವುದರೊಡನೆ, ತೆರೆಯ ಹಿಂದೆ ಕಾಣದಂತೆ ನಡೆಯುತ್ತಿದ್ದ ಒಂದು ಆಜ್ಞಾಪಾಲಕ ಪ್ರೋಗ್ರಾಮಿಗೂ ತಲಪುತ್ತಿತ್ತು. ಆ ಪ್ರೋಗ್ರಾಮಿಗಾದರೋ ಫೋನಿನಲ್ಲಿ ಸರ್ವಾಧಿಕಾರವಿತ್ತು. ದೋಷವನ್ನು ಬೇಗನೆ ಸರಿಪಡಿಸಲಾಯಿತು. ಆದರೆ ಅಂದು ಆಕಸ್ಮಿಕವಾಗಿ ದೊರೆತ ಆ ಸರ್ವಾಧಿಕಾರವನ್ನು ಬೇಕೆಂದೇ ಪಡೆದುಕೊಳ್ಳುವವರು ಇಂದಿಗೂ ಇದ್ದಾರೆ. ಈ ಕ್ರಮಕ್ಕೆ ‘ಫೋನನ್ನು ರೂಟ್ ಮಾಡುವುದು’ ಎಂದು ಹೆಸರು. ಹೀಗೆ ಮಾಡಬಹುದೇ ಎಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವುದುಂಟು. ಉತ್ತರ ಹೇಳುವ ಮೊದಲು ಅದೇನೆಂಬುದನ್ನು ನೋಡೋಣ.

ವಠಾರದ ಯಜಮಾನ

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಎಂಬ ವ್ಯವಸ್ಥೆಯ ರಚನೆಯನ್ನು ಆರಂಭಿಸಿದರು. ಆ ಕಾಲದಲ್ಲಿ ಒಂದೇ ಗಣಕವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿತ್ತು. ಆದುದರಿಂದ ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಸಂಖ್ಯೆಯನ್ನು ಕೊಡುವ ಪದ್ಧತಿ ಬಂದಿತು. ಇವುಗಳಲ್ಲಿ ೦ ಎಂಬ ಸಂಖ್ಯೆಯುಳ್ಳವನಿಗೆ ‘ರೂಟ್’ ಎಂದು ಹೆಸರು. ಅವನನ್ನು ತಡೆಯುವ ನಿಯಮವೇ ಇರಲಿಲ್ಲ. ಕನ್ನಡದಲ್ಲಿ ಅವನನ್ನು ‘ಮೂಲಾಧಿಕಾರಿ’ ಎನ್ನಬಹುದು.

೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಇದೇ ಮಾದರಿಯಲ್ಲಿ ಲಿನಕ್ಸ್ ಕರ್ನಲ್ ಅನ್ನು ಬರೆದನು. ಯಂತ್ರಭಾಗಗಳಿಗೂ ಪ್ರೋಗ್ರಾಮುಗಳಿಗೂ ನಡುವೆ ನಿಂತು ವ್ಯವಹರಿಸುವ ತಿರುಳೇ ಕರ್ನಲ್. ಆಂಡ್ರಾಯ್ಡಿನ ಒಳಗಿರುವುದು ಈ ಲಿನಕ್ಸೇ. ಆದರೆ ಫೋನಿಗೆ ಸಾಮಾನ್ಯವಾಗಿ ಬಳಕೆದಾರನು ಒಬ್ಬನೇ ಅಲ್ಲವೆ? ಹೀಗಾಗಿ ಆಂಡ್ರಾಯ್ಡಿನ ನಿರ್ಮಾಪಕರು ಒಂದು ಜಾಣತನವನ್ನು ಮಾಡಿದರು. ಬಳಕೆದಾರರಿಗೆ ಕೊಡುತ್ತಿದ್ದ ಸಂಖ್ಯೆಗಳನ್ನು ಆ್ಯಪ್‌ಗಳಿಗೆ ಹಂಚಿದರು. ನಾವು ಸ್ಥಾಪಿಸುವ ಆ್ಯಪ್‌ಗಳಿಗೆ ೧೦,೦೦೦ದಿಂದ ಮೇಲ್ಪಟ್ಟ ಸಂಖ್ಯೆಗಳು ದೊರೆಯುತ್ತವೆ.

ಹಳೆಯ ಕಾಲದ ವಠಾರವೊಂದನ್ನು ನೆನೆಯಿರಿ. ಪ್ರತಿಯೊಂದು ಸಂಸಾರಕ್ಕೂ ಅದರದೇ ಮನೆ, ಅದರದೇ ಬೀಗ. ನಲ್ಲಿಯಂತಹ ಸಮಾನ ಸೌಕರ್ಯಗಳನ್ನು ಬಳಸಲು ಅಪ್ಪಣೆ ಬೇಕು. ಆ್ಯಪ್‌ಗಳು ಇಂತಹ ಬಾಡಿಗೆದಾರರು. ಆಟದ ಆ್ಯಪ್ ಒಂದು ಬ್ಯಾಂಕಿನ ಆ್ಯಪ್ ಕೂಡಿಟ್ಟ ಮಾಹಿತಿಯನ್ನು ನೋಡಲಾರದು. ಎಲ್ಲ ಮನೆಗಳ ಬೀಗದ ಕೈಯೂ ಇರುವುದು ವಠಾರದ ಯಜಮಾನನಾದ ೦ಯ ಬಳಿ ಮಾತ್ರ. ವಿನೋದವೆಂದರೆ, ಹಣ ಕೊಟ್ಟು ಫೋನನ್ನು ಕೊಂಡ ನಾವು ಈ ಯಜಮಾನರಲ್ಲ! ತಯಾರಕರು ಆ ಕೀಲಿಕೈಯನ್ನು ನಮಗೆ ಕೊಟ್ಟಿರುವುದಿಲ್ಲ.

ಪಡೆಯುವ ಎರಡು ದಾರಿಗಳು

ಮೊದಲನೆಯ ದಾರಿ ಗೋಡೆಯಲ್ಲಿರುವ ಬಿರುಕಿನದು. ಲಿನಕ್ಸಿನಲ್ಲಿ ೨೦೦೭ರಲ್ಲಿ ಸೇರಿಕೊಂಡ ದೋಷವೊಂದು ೨೦೧೬ರ ಅಕ್ಟೋಬರಿನಲ್ಲಿ ಬಹಿರಂಗವಾಯಿತು. ‘ಡರ್ಟಿ ಕೌ’ ಎಂದು ಹೆಸರಾದ ಈ ದೋಷದ ಮೂಲಕ, ಓದಲು ಮಾತ್ರ ಅಪ್ಪಣೆಯಿರುವ ಕಡತವನ್ನೂ ತಿದ್ದಬಹುದಾಗಿತ್ತು. ಅದನ್ನು ಬಳಸಿ ಹಲವರು ತಮ್ಮ ಫೋನುಗಳ ಮೂಲಾಧಿಕಾರವನ್ನು ಪಡೆದರು. ಆದರೆ ಯಜಮಾನನು ನುಸುಳಬಲ್ಲ ಬಿರುಕಿನಲ್ಲಿ ಕಳ್ಳನೂ ನುಸುಳಬಲ್ಲನು. ಇಂತಹವನ್ನು ಮುಚ್ಚುವುದೇ ಎಲ್ಲರಿಗೂ ಕ್ಷೇಮ.

ಎರಡನೆಯದು ಬಾಗಿಲಿನ ದಾರಿ. ಫೋನು ಚಾಲೂ ಆಗುವಾಗ ಮೊದಲು ಎಚ್ಚರಗೊಳ್ಳುವುದು ಬೂಟ್‌ಲೋಡರ್. ಕರ್ನಲ್ ಇರುವ ಬೂಟ್ ಭಾಗದ ಮೇಲೆ ತಯಾರಕರ ಮುದ್ರೆ ಇದೆಯೇ ಎಂದು ಅದು ಪರೀಕ್ಷಿಸುತ್ತದೆ. ಇದು ಅರಗಿನ ಮುದ್ರೆಯಲ್ಲ. ಕಡತದ ಒಂದು ಬಿಟ್ ಬದಲಾದರೂ ತಾಳೆಯಾಗದಂತಹ ಗಣಿತದ ಮುದ್ರೆ. ೨೦೧೬ರಲ್ಲಿ ಬಂದ ಆಂಡ್ರಾಯ್ಡ್ ೭ರಿಂದ ಈ ಪರೀಕ್ಷೆ ಕಟ್ಟುನಿಟ್ಟಾಯಿತು. ಕೆಲವು ತಯಾರಕರು ಬೂಟ್‌ಲೋಡರಿನ ಬೀಗವನ್ನು ತೆಗೆಯಲು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಬಿಡುವ ಕಡೆ, ಬೀಗ ತೆಗೆದೊಡನೆ ಫೋನಿನಲ್ಲಿರುವ ಚಿತ್ರ, ಪತ್ರಗಳೆಲ್ಲವೂ ಅಳಿಸಿಹೋಗುತ್ತವೆ. ಇದು ಶಿಕ್ಷೆಯಲ್ಲ, ರಕ್ಷಣೆ. ಇಲ್ಲವಾದರೆ ಕದ್ದವನು ಬೀಗ ತೆಗೆದು ನಮ್ಮ ಗುಟ್ಟನ್ನೆಲ್ಲ ಓದಬಹುದಾಗಿತ್ತು.

ಬೀಗ ತೆಗೆದ ಮೇಲೆ, ಆ ಫೋನಿನ ಅದೇ ಆವೃತ್ತಿಯ ಬೂಟ್ ಕಡತವನ್ನು ತಂದು, ಮ್ಯಾಜಿಸ್ಕ್ ಎಂಬ ಉಪಕರಣದಿಂದ ತಿದ್ದಿ, ಕಂಪ್ಯೂಟರಿನ ಮೂಲಕ ಫೋನಿಗೆ ಬರೆಯುತ್ತಾರೆ. ಆಂಡ್ರಾಯ್ಡ್ ೧೩ರೊಡನೆಯೇ ಮಾರುಕಟ್ಟೆಗೆ ಬಂದ ಮತ್ತು ಅನಂತರದ ಫೋನುಗಳಲ್ಲಿ ಸಾಮಾನ್ಯವಾಗಿ ತಿದ್ದಬೇಕಾದುದು ‘ಇನಿಟ್ ಬೂಟ್’ ಎಂಬ ಬೇರೆ ಭಾಗ. ಮುಂದೆ ಯಾವುದಾದರೂ ಆ್ಯಪ್ ಮೂಲಾಧಿಕಾರವನ್ನು ಬೇಡಿದಾಗ, ಕೊಡಬಹುದೇ ಎಂದು ಫೋನು ನಮ್ಮನ್ನು ಕೇಳುತ್ತದೆ.

ಅನಂತರದ ತೊಂದರೆಗಳು

ಅತ್ಯಂತ ಸಾಮಾನ್ಯವಾದ ತೊಂದರೆ ಇದು: ಫೋನು ತಯಾರಕರ ಲಾಂಛನವನ್ನು ತೋರಿಸಿ, ಆರಿ, ಮತ್ತೆ ಅದನ್ನೇ ತೋರಿಸುತ್ತ ಗಾಣದ ಎತ್ತಿನಂತೆ ಸುತ್ತುತ್ತಿರುತ್ತದೆ. ಬೇರೆ ಆವೃತ್ತಿಯ ಬೂಟ್ ಕಡತವನ್ನು ಬರೆದಿದ್ದರೆ ಹೀಗಾಗಬಹುದು. ಬೂಟ್‌ಲೋಡರ್ ಜೀವಂತವಾಗಿರುವ ತನಕ ಗಾಬರಿಗೆ ಕಾರಣವಿಲ್ಲ. ಅನೇಕ ಫೋನುಗಳಲ್ಲಿ ಪವರ್ ಗುಂಡಿಯನ್ನೂ ಧ್ವನಿ ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಅದು ಆಜ್ಞೆಗಾಗಿ ಕಾದು ನಿಲ್ಲುತ್ತದೆ. ಆಗ ತಿದ್ದದೆ ಇರಿಸಿಕೊಂಡಿದ್ದ ಮೂಲ ಕಡತವನ್ನು ಮರಳಿ ಬರೆಯಬೇಕು. ಮೂಲಪ್ರತಿಯನ್ನು ಮೊದಲೇ ಕಂಪ್ಯೂಟರಿನಲ್ಲಿ ಇರಿಸಿಕೊಳ್ಳದವನು ನೀರಿಗಿಳಿದ ಮೇಲೆ ಈಜು ಕಲಿಯಹೊರಟವನಂತೆ.

ಮೂಲಾಧಿಕಾರ ದೊರೆತ ಮೇಲೆ ಸೇರಿಸಿದ ಮಾಡ್ಯೂಲಿನಿಂದಲೂ ಇದೇ ಸ್ಥಿತಿ ಬರಬಹುದು. ಅಂತಹಾಗ ಫೋನನ್ನು ‘ಸೇಫ್ ಮೋಡ್’ನಲ್ಲಿ ಚಾಲೂ ಮಾಡಿದರೆ ಮ್ಯಾಜಿಸ್ಕ್ ಎಲ್ಲ ಮಾಡ್ಯೂಲುಗಳನ್ನೂ ನಿಲ್ಲಿಸುತ್ತದೆ. ಬಳಿಕ ಒಂದೊಂದನ್ನಾಗಿ ಸೇರಿಸಿ ನೋಡಬೇಕು. ಪ್ರಯೋಗಶಾಲೆಯಲ್ಲಿ ನಾವು ಒಂದು ಬಾರಿಗೆ ಒಂದೇ ಪರಿಮಾಣವನ್ನು ಬದಲಿಸುವುದಿಲ್ಲವೆ? ಇಲ್ಲಿಯೂ ಅದೇ ನಿಯಮ. ಐದನ್ನು ಒಟ್ಟಿಗೆ ಸೇರಿಸಿದವನಿಗೆ ತಪ್ಪು ಯಾವುದರದೆಂದು ತಿಳಿಯುವ ಬಗೆಯಿಲ್ಲ.

ಎರಡನೆಯ ತೊಂದರೆ, ತಯಾರಕರು ಕಳುಹಿಸುವ ಪರಿಷ್ಕರಣೆ ವಿಫಲವಾಗುವುದು. ಪರಿಷ್ಕರಣೆಯು ಹಳೆಯ ಭಾಗ ಇದ್ದಂತೆಯೇ ಇದೆಯೇ ಎಂದು ನೋಡಿಕೊಂಡು ಮುಂದುವರಿಯುವುದರಿಂದ, ತಿದ್ದಿದ ಭಾಗವನ್ನು ಕಂಡು ನಿಂತುಬಿಡುತ್ತದೆ. ಮೂಲಕ್ಕೆ ಮರಳಿ, ಪರಿಷ್ಕರಿಸಿ, ಹೊಸ ಕಡತವನ್ನು ಮತ್ತೆ ತಿದ್ದುವುದೇ ಉಪಾಯ.

ಮೂರನೆಯದು ನಮ್ಮ ದೇಶದಲ್ಲಿ ಹೆಚ್ಚು ಬಾಧಕವಾದುದು: ಹಣ ಪಾವತಿಯ ಮತ್ತು ಬ್ಯಾಂಕಿನ ಆ್ಯಪ್‌ಗಳಲ್ಲಿ ಹಲವು ಕೆಲಸ ಮಾಡಲೊಪ್ಪುವುದಿಲ್ಲ. ಬೂಟ್‌ಲೋಡರ್ ತೆರೆದಿದೆಯೇ ಇಲ್ಲವೇ ಎಂಬುದಕ್ಕೆ ಚಿಪ್ಪಿನ ಪ್ರತ್ಯೇಕವಾದ ಒಂದು ಭಾಗ ಸಾಕ್ಷಿಪತ್ರವನ್ನು ಬರೆದುಕೊಡುತ್ತದೆ. ಆ ಭಾಗದ ರಹಸ್ಯ ಕೀಲಿ ೦ಯ ಅಧಿಕಾರಕ್ಕೂ ಹೊರಗಿನದು. ಮರೆಮಾಚುವ ಉಪಾಯಗಳು ಆಗಾಗ ಹುಟ್ಟುತ್ತವೆ, ಕೆಲವು ಕಾಲ ನಡೆದು ನಿಲ್ಲುತ್ತವೆ. ನೆಚ್ಚಬಹುದಾದ ಪರಿಹಾರವೆಂದರೆ, ಎಲ್ಲ ಭಾಗಗಳನ್ನೂ ಮೂಲಸ್ಥಿತಿಗೆ ತಂದು ಬೀಗವನ್ನು ಮತ್ತೆ ಹಾಕುವುದು. ಆಗಲೂ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ತಿದ್ದಿದ ಭಾಗ ಒಳಗಿರುವಾಗಲೇ ಬೀಗ ಹಾಕಿದರೆ ಫೋನು ಏಳದೆಯೇ ಹೋಗಬಹುದು, ಎಚ್ಚರ!

ಮರಳಿ ಕೂಡದ ತಂತಿ

ಕೆಲವು ಬದಲಾವಣೆಗಳಿಗೆ ಪರಿಹಾರವೇ ಇಲ್ಲ. ನಾಕ್ಸ್ ರಕ್ಷಣೆಯುಳ್ಳ ಸ್ಯಾಮ್‌ಸಂಗ್ ಫೋನುಗಳಲ್ಲಿ, ತಯಾರಕರದಲ್ಲದ ಬೂಟ್ ಭಾಗವನ್ನು ಬರೆದಾಗ ಚಿಪ್ಪಿನೊಳಗಿನ ವಿದ್ಯುತ್ ಫ್ಯೂಸ್ ಒಂದು ಸುಟ್ಟುಹೋಗುತ್ತದೆ. ಇದು ನಮ್ಮ ಮನೆಯ ಫ್ಯೂಸಿನಂತೆ ತಂತಿ ಬದಲಿಸಿ ಸರಿಪಡಿಸುವಂತಹುದಲ್ಲ. ಇಂತಹ ಫ್ಯೂಸುಗಳ ಒಂದು ಬಗೆಯನ್ನು ಐಬಿಎಂ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿತು. ಅತಿ ಕಿರಿದಾದ ಕೊಂಡಿಯಲ್ಲಿ ಪ್ರಬಲವಾದ ಪ್ರವಾಹವನ್ನು ಹರಿಸಿದರೆ, ಇಲೆಕ್ಟ್ರಾನುಗಳ ನೂಕಿಗೆ ಸಿಕ್ಕಿ ವಾಹಕದ ಪರಮಾಣುಗಳೇ ಒಂದು ಕಡೆಗೆ ಸರಿದುಬಿಡುತ್ತವೆ. ಕೊಂಡಿಯ ರೋಧ ಹಲವು ಪಟ್ಟು ಏರುತ್ತದೆ. ಚಿಪ್ ಅದನ್ನು ಓದಿ ‘ಹೀಗಾಗಿದೆ’ ಎಂದು ತಿಳಿಯುತ್ತದೆ. ಸರಿದ ಪರಮಾಣುಗಳನ್ನು ಯಾವ ಪ್ರೋಗ್ರಾಮೂ ಹಿಂದಕ್ಕೆ ತರಲಾರದು. ನಾಕ್ಸಿನ ಫ್ಯೂಸ್ ಸುಟ್ಟ ಮೇಲೆ ಮೂಲ ತಂತ್ರಾಂಶವನ್ನು ಮರಳಿ ತುಂಬಿದರೂ ಆ ಫೋನಿನ ‘ಸೆಕ್ಯೂರ್ ಫೋಲ್ಡರ್’ ಮತ್ತೆ ತೆರೆಯುವುದಿಲ್ಲ.

ಹಾಗಾದರೆ ಮಾಡಬಹುದೇ?

ತಾನು ಕೊಂಡ ವಸ್ತುವಿನ ಒಳಹೊರಗನ್ನು ತಿಳಿಯುವ ಆಸೆ ನ್ಯಾಯವಾದುದೇ. ಬೇಡದ ಆ್ಯಪ್‌ಗಳನ್ನು ಬೇರುಸಹಿತ ತೆಗೆಯಲು, ಪೂರ್ಣವಾದ ಪ್ರತಿಯನ್ನು ಇಟ್ಟುಕೊಳ್ಳಲು, ಲಿನಕ್ಸನ್ನು ಕೈಯಾರೆ ಕಲಿಯಲು ಮೂಲಾಧಿಕಾರ ನೆರವಾಗುತ್ತದೆ. ಆದರೆ ಒಂದನ್ನು ಮರೆಯಬಾರದು. ಕರ್ನಲ್ ನೋಡುವುದು ಸಂಖ್ಯೆಯನ್ನು, ಮನುಷ್ಯನನ್ನಲ್ಲ. ೦ ಎಂಬ ಸಂಖ್ಯೆ ಹೊತ್ತು ಬಂದ ಆಜ್ಞೆ ನಮ್ಮದೋ, ನಾವು ಅರಿಯದೆ ಒಪ್ಪಿಗೆ ಕೊಟ್ಟ ಕಳ್ಳ ಆ್ಯಪ್‌ನದೋ ಎಂಬುದು ಅದಕ್ಕೆ ತಿಳಿಯದು. ಕೀಲಿಕೈಯೊಡನೆ ಕಾವಲಿನ ಕೆಲಸವೂ ನಮ್ಮ ಪಾಲಿಗೆ ಬರುತ್ತದೆ.

ಆದುದರಿಂದ ತಂದೆತಾಯಿಗಳು ಹಣದ ವ್ಯವಹಾರಕ್ಕೆ ಬಳಸುವ ಫೋನನ್ನಾಗಲಿ, ಮನೆಗೆ ಇರುವ ಒಂದೇ ಫೋನನ್ನಾಗಲಿ ಪ್ರಯೋಗಕ್ಕೆ ಒಡ್ಡಬಾರದು. ಮೂಲೆಗೆ ಬಿದ್ದ ಹಳೆಯ ಫೋನೊಂದನ್ನು ಆರಿಸಿಕೊಂಡು, ಅದರಲ್ಲಿರುವುದನ್ನೆಲ್ಲ ಬೇರೆಡೆಗೆ ಸಾಗಿಸಿ, ಮೂಲ ಕಡತವನ್ನು ಜೋಪಾನವಾಗಿಟ್ಟು, ಮಾಡಿದ ಪ್ರತಿಯೊಂದು ಹೆಜ್ಜೆಯನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಹಾಗೆ ಮಾಡಿದವನಿಗೆ ಫೋನು ಕೆಟ್ಟರೂ ಕಲಿತದ್ದು ಉಳಿಯುತ್ತದೆ.